ಮೊಳೆ ಕಿತ್ತ ಕಿಟಕಿ

"ಇನ್ನೇನಾದ್ರೂ ಇದೆಯಾ?" ಎಂದು ಫಾದರ್ ಕ್ಯಾಸಿಡಿ ಕೇಳಿದರು.

ಡಿಂಪ್ನಾಳ ಮನೆಯ ಹಿಂಬದಿ ಕೋಣೆಯಲ್ಲಿ ಪಾಪನಿವೇದನೆಗೆಂದು ಮೊಣಕಾಲೂರಿದ್ದ ಮಲಕಿ ಟ್ರೇನರ್ ನಾಲ್ಕು ಕೆಟ್ಟ ಮಾತು, ತಪ್ಪಿಸಿದ ಒಂದು ಭಾನುವಾರದ ಪೂಜೆ, ಇಷ್ಟನ್ನು ಒಪ್ಪಿಸಿ ಆಗಿತ್ತು. ಇನ್ನೊಂದು ಉಳಿದಿತ್ತು.

"ಒಬ್ಬನನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ, ಫಾದರ್."

"ಅವನೇನು ಮಾಡಿದ ನಿನಗೆ?"

"ಏನೂ ಇಲ್ಲ. ಅವನ ಕೆಲಸ ಚೆನ್ನಾಗಿದೆ. ಅದೇ ತೊಂದರೆ."

ಮೊನಹನ್ ಗುಡ್ಡಗಳ ಆ ಊರಿನಲ್ಲಿ ಚರ್ಚಿನ ಬಲಿಪೂಜೆ ಮನೆಯಿಂದ ಮನೆಗೆ ಸರದಿಯಂತೆ ಬರುತ್ತದೆ. ಒಂದು ಮನೆಗೆ ಮತ್ತೆ ಬರಲು ಒಂಬತ್ತು ವರ್ಷ ಬೇಕು. ಆದ್ದರಿಂದ ಸರದಿ ಬಂದ ಮನೆಯವರು ಗೋಡೆಗೆ ಬಣ್ಣ ಬಳಿದು, ಮುರಿದದ್ದನ್ನೆಲ್ಲ ಸರಿಮಾಡಿಸುತ್ತಾರೆ. ಈ ಸಲ ಡಿಂಪ್ನಾ ಹೊಸ ಬಾಯ್ಲರನ್ನೇ ಹಾಕಿಸಿದ್ದಳು. ಹಳೆಯದರ ಮಸಿಯನ್ನು ಇಪ್ಪತ್ತಾರು ವರ್ಷ ತೆಗೆದವನು ಮಲಕಿ. ಅವಳ ಗಂಡ ತೀರಿಕೊಂಡ ಮೇಲಂತೂ ಮಸಿ ಇಲ್ಲದಿದ್ದರೂ ಬಂದು, ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ಟೀ ಕುಡಿದು ಹೋಗುತ್ತಿದ್ದ. ಹೊಸ ಬಾಯ್ಲರಿನ ಸುದ್ದಿ ಅವಳ ಬಾಯಿಂದ ಬರಲಿಲ್ಲ. ಗ್ಲಾಸ್ಗೋದಿಂದ ಮರಳಿದ್ದ ಬಾಯ್ಲರ್ ಕೆಲಸಗಾರ ಫಿಂಟನ್‌ನ ವ್ಯಾನು ಅವಳ ಅಂಗಳದಲ್ಲಿ ನಿಂತದ್ದನ್ನು ನೋಡಿ ಅವನೇ ತಿಳಿದುಕೊಂಡ.

ಹಿಂದಿನ ವಾರ ಒಂದು ತಟ್ಟೆ ಹಿಂದಿರುಗಿಸುವ ನೆವದಲ್ಲಿ ಬಂದ ಮಲಕಿ, ಅವಳು ಕೋಳಿಗಳ ಹತ್ತಿರ ಹೋಗಿದ್ದಾಗ ಮನೆಯ ಹಿಂದೆ ಬಗ್ಗಿ ಹೊಸ ಬಾಯ್ಲರಿನ ಹೊಗೆ ಕೊಳವೆಯನ್ನು ಅಳೆದಿದ್ದ. ನೆಲದಿಂದ ಒಂದಡಿ ಮೇಲೆ, ಸರಿ. ಬಾಯಿಗೆ ಕಂಬಿಯ ಪಂಜರ, ಸರಿ. ಗೋಡೆಯ ಸುತ್ತಿನ ಗಾರೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಮೇಲೆ ಹಿಂಬದಿ ಕೋಣೆಯ ಕಿಟಕಿಯೇನೋ ಗೇಣು ದೂರದಲ್ಲೇ ಇತ್ತು. ಆದರೆ ಅದು ತೆರೆಯದ ಕಿಟಕಿ, ಹೊಗೆ ಒಳಬರುವಂತಿರಲಿಲ್ಲ. ದೊಡ್ಡ ಬಿರುಗಾಳಿಯ ವರ್ಷ ಅದಕ್ಕೆ ಮೊಳೆ ಹೊಡೆದವನು ಮಲಕಿಯೇ. ತಪ್ಪು ಸಿಗಲಿಲ್ಲವೆಂದು ಅವನಿಗೆ ಅಂದು ಊಟ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಅಡುಗೆಮನೆ ತುಂಬ ಜನ. ಎಲ್ಲರ ಬಾಯಲ್ಲೂ ಫಿಂಟನ್. ನೆರೆಮನೆಯ ಪ್ಯಾಕಿ ಎಲ್ಲರಿಗೂ ಕೇಳುವಂತೆ, "ಏನಪ್ಪಾ ಮಲಕಿ, ಇದು ನಿನ್ನ ಹಳೇದರ ಥರ ಕೆಮ್ಮೋದೇ ಇಲ್ವಲ್ಲ" ಎಂದಿದ್ದ. ಮಲಕಿ ಎಲ್ಲರೊಂದಿಗೆ ತಾನೂ ನಕ್ಕಿದ್ದ.

"ಹೊಟ್ಟೆಕಿಚ್ಚು ಮನುಷ್ಯನನ್ನ..." ಎಂದು ಶುರುಮಾಡಿದ ಫಾದರ್ ಮಾತು ನಿಲ್ಲಿಸಿ ಹಣೆ ಒತ್ತಿಕೊಂಡರು. "ತಲೆ ಸಿಡೀತಿದೆ ಮಾರಾಯ. ಸೆಕೆ ಅಂತ ಕಿಟಕಿ ಬೇರೆ ತೆಗೆದೆ."

ಮಲಕಿ ತಲೆಯೆತ್ತಿದ. ಹೊಸ ಬಿಳಿ ಬಣ್ಣದ ಕಿಟಕಿ ಒಂದು ಚೋಟು ಮೇಲೆ ಸರಿದಿತ್ತು. ಅವನ ಮೊಳೆ ಇರಲಿಲ್ಲ. ಅದರ ತೂತಿಗೆ ಮೆತ್ತಿದ ಪುಟ್ಟಿ ಇನ್ನೂ ಒಣಗಿರಲಿಲ್ಲ. ಬಾಯ್ಲರಿನ ಕೊಳವೆಯಿಂದ ಸುಟ್ಟ ಸೀಮೆಎಣ್ಣೆಯ ವಾಸನೆ ತೆಳ್ಳಗೆ ಒಳಬರುತ್ತಿತ್ತು.

ಮೊದಲು ಬಂದದ್ದು ಸಂತೋಷ, ಫಿಂಟನ್‌ನ ತಪ್ಪು ಕೊನೆಗೂ ಸಿಕ್ಕಿತೆಂದು. ದೇವರ ಮುಂದೆ ಮೊಣಕಾಲೂರಿದ್ದಾಗಲೇ ಬಂತು. ಅಡುಗೆಮನೆಗೆ ಹತ್ತು ಹೆಜ್ಜೆ, ಅಲ್ಲಿ ಇಡೀ ಊರು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಫಾದರ್ ಏಳಲು ಹೋಗಿ ಕುರ್ಚಿಯ ತೋಳನ್ನು ಹಿಡಿದುಕೊಂಡರು. 

ಮಲಕಿ ಕಿಟಕಿ ಮುಚ್ಚಿ, ಅವರ ಭುಜ ಹಿಡಿದು ಮುಂಬಾಗಿಲ ಗಾಳಿಗೆ ಕರೆತಂದು ಕೂರಿಸಿದ.

"ಪಾಪಕ್ಷಮೆ ಕೊಡ್ಲಿಲ್ಲ ನಾನು" ಎಂದರು ಫಾದರ್.

"ಅದು ಕಾಯುತ್ತೆ ಫಾದರ್. ನೀವು ಉಸಿರಾಡಿ."

ಬಾಯ್ಲರ್ ಆರಿಸಿ, ಬಾಗಿಲುಗಳನ್ನೆಲ್ಲ ತೆರೆದು, ಜನರ ನಡುವಿನಿಂದ ಫಿಂಟನ್‌ನನ್ನು ಅಂಗಳಕ್ಕೆ ಕರೆದು ವಿಷಯ ಹೇಳಿದ. ಫಿಂಟನ್‌ನ ಮುಖ ಸುಣ್ಣದಂತಾಯಿತು.

"ಮೊಳೆ ಇತ್ತು ಮಲಕಿ. ನಾನೇ ಎಳೆದು ನೋಡಿದ್ದೆ."

"ಗೊತ್ತು. ಬಣ್ಣ ಬಳಿಯುವಾಗ ಡಿಂಪ್ನಾ ಕಿತ್ತಿದ್ದಾಳೆ."

"ತೆರೆಯೋ ಕಿಟಕಿಗೆ ಕೊಳವೆ ಎರಡಡಿ ದೂರ ಇರಬೇಕು. ಮೊಳೆ ನಂಬಿ ಗೇಣು ಬಿಟ್ಟೆ. ನನ್ನ ತಪ್ಪೇ."

ಪೂಜೆ ಮುಗಿಯಲಿ, ಆಮೇಲೆ ಅವಳಿಗೆ ಹೇಳಿದರಾಯಿತು ಎಂದ ಮಲಕಿ. ಅಷ್ಟರಲ್ಲಿ ಡಿಂಪ್ನಾ ಬಾಗಿಲಿಗೆ ಬಂದಳು. ಅವಳ ಹಿಂದೆ ಅರ್ಧ ಊರೇ ನಿಂತಿತ್ತು.

"ಬಾಯ್ಲರ್ ಆರಿಸಿದ್ದು ಯಾರು?"

"ನಾನು."

"ಒಂದು ದಿನ ಮಲಕಿ. ಒಂದೇ ಒಂದು ದಿನ ನನ್ನ ಮನೆ ಬೆಚ್ಚಗಿದ್ದಿದ್ರೆ ನೀನೇನು ಕಳ್ಕೋತಿದ್ದೆ?"

 ಅರ್ಧ ಗಂಟೆಯ ಹಿಂದೆ ಅವಳು ಹೀಗೆ ಕೇಳಿದ್ದರೆ ಅವಳ ಅನುಮಾನ ನಿಜವೇ ಆಗಿರುತ್ತಿತ್ತು.

ಫಿಂಟನ್ ಟೋಪಿ ತೆಗೆದ. ಕೊಳವೆ ಇಟ್ಟ ಜಾಗ ತಪ್ಪು, ಇಟ್ಟವನು ತಾನು, ಹೊಗೆಯ ವಿಷ ಕಿಟಕಿಯಿಂದ ಒಳಬರುತ್ತಿತ್ತು, ಮಲಕಿ ಆರಿಸದಿದ್ದರೆ ಇವತ್ತು ಈ ಮನೆಯಿಂದ ಯಾರನ್ನಾದರೂ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು ಎಂದು ಎಲ್ಲರ ಮುಂದೆ, ಒಂದು ಮಾತೂ ತಡವರಿಸದೆ ಹೇಳಿದ.

ಡಿಂಪ್ನಾ ಫಿಂಟನ್‌ನ ತೋಳು ಹಿಡಿದಳು. "ತಪ್ಪನ್ನ ಹೀಗೆ ಒಪ್ಪಿಕೊಳ್ಳೋ ಗಂಡಸನ್ನ ನಾನು ನೋಡೇ ಇರ್ಲಿಲ್ಲ" ಎಂದಳು. ಆ ಹೊಗಳಿಕೆಯೂ ಅವನ ಪಾಲಿಗೇ ಹೋಯಿತಲ್ಲ ಎಂದು ಮಲಕಿಯ ಒಳಗೆ ಮತ್ತೆ ಚುರುಗುಟ್ಟಿತು.

ಬಾಯ್ಲರ್ ಆರಿದ್ದರಿಂದ ಎಲ್ಲರೂ ಕೋಟು ತೊಟ್ಟುಕೊಂಡೇ ಪೂಜೆಯಲ್ಲಿ ಕೂತರು. ಆಮೆನ್ ಎಂದಾಗ ಎಲ್ಲರ ಬಾಯಿಂದ ಆವಿ ಬಂತು. ಮುಗಿದ ಮೇಲೆ ಜನ ತಿಂಡಿಗೆ ಕೂತರೆ ಮಲಕಿ, ಫಿಂಟನ್ ಇಬ್ಬರೂ ಮನೆಯ ಪಕ್ಕಕ್ಕೆ, ಕಿಟಕಿಗಳಿಲ್ಲದ ಗೋಡೆಯ ಬಳಿಗೆ ಹೋದರು.

"ನೀವಾಗಿದ್ರೆ ಕೊಳವೇನ ಎಲ್ಲಿ ಹೊರಗೆ ತೆಗೀತಿದ್ರಿ?" ಎಂದು ಫಿಂಟನ್ ಕೇಳಿದ.

ಮಲಕಿ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡಿದ, ಮೂಲೆಯಿಂದ ಹೆಜ್ಜೆ ಎಣಿಸಿದ. ಕೊನೆಗೆ ಅಳತೆ ಟೇಪಿನ ಒಂದು ತುದಿ ಫಿಂಟನ್‌ನ ಕೈಗೆ ಕೊಟ್ಟು, ಇನ್ನೊಂದನ್ನು ಎಳೆದುಕೊಂಡು ಹೋಗಿ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದ.

"ಫಿಂಟನ್, ಟೀ ಆರ್ತಾ ಇದೆ ಬಾರೋ" ಎಂದು ಡಿಂಪ್ನಾ ಒಳಗಿನಿಂದ ಕರೆದಳು.

ಮಲಕಿ ತಿರುಗಿ ನೋಡದೆ ಗುರುತು ಹಾಕುತ್ತಿದ್ದ. ಫಿಂಟನ್ ಹಿಡಿದಿದ್ದ ಟೇಪು ಸಡಿಲವಾಗಲಿಲ್ಲ. ಅವಳು ಇನ್ನೊಮ್ಮೆ ಕರೆದಳು. ಆಗಲೂ ಅದು ಗೋಡೆಯುದ್ದಕ್ಕೆ ಬಿಗಿಯಾಗಿಯೇ ಇತ್ತು.