ಪ್ರೆಸ್ಸಿನ ಕಣ್ಣಿಗೆ ಕನ್ನಡಿ ಚೂರು

ಸುತ್ತಿಗೆಗೆ ಆ ಹೆಸರು ಬಂದದ್ದು ಕೆಲಸದಿಂದಲ್ಲ, ಸ್ವಭಾವದಿಂದ. ಮಾತಿನಲ್ಲಿ ಮುಗಿಯುವುದನ್ನು ಕೈಯಲ್ಲಿ ಮುಗಿಸುವ ಆಸಾಮಿ. ಕೋಪ ಮೂಗಿನ ತುದಿಯಲ್ಲೇ. ಬಾಗಿಲ ಕೀಲುಗಳನ್ನು ಒತ್ತುವ ಆ ಕಾರ್ಖಾನೆಯಲ್ಲಿ ಅವನ ಕೈಯಿಂದ ಏಟು ತಿನ್ನದವರು ಇಬ್ಬರೇ. ಒಬ್ಬಳು, ಕೀಲುಗಳನ್ನು ಎಣ್ಣೆಗೆ ಅದ್ದುವ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹೆಂಗಸು. ಅವಳ ಬಾಯಿಗೆ ಅವನೂ ಹೆದರುತ್ತಿದ್ದ. ಇನ್ನೊಬ್ಬಳು, ಪಕ್ಕದ ಪ್ರೆಸ್ಸಿನಲ್ಲಿ ನಿಲ್ಲುತ್ತಿದ್ದ ತಂಗಿ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವನು ಅವನೇ, ಕೊನೆಗೆ ಈ ಪ್ರೆಸ್ಸಿನ ಮುಂದೆ ತಂದು ನಿಲ್ಲಿಸಿದವನೂ ಅವನೇ.

ಶೆಡ್ಡಿನ ಆ ತುದಿಯಲ್ಲಿ ಒಂದು ಹಳದಿ ಪಂಜರ ಎದ್ದಿತು. ಒಳಗೆ ಹೊಸ ಯಂತ್ರ. ಉದ್ದನೆಯ ಒಂದೇ ಕೈ. ತಗಡು ಎತ್ತುತ್ತದೆ, ಒತ್ತುತ್ತದೆ, ಪಕ್ಕಕ್ಕಿಡುತ್ತದೆ. ಅದಕ್ಕೊಂದು ಪ್ರತ್ಯೇಕ ಫ್ಯಾನು, ದಿನಾ ಒರೆಸಲು ಬಿಳಿ ಬಟ್ಟೆ. ಅದರ ಹತ್ತಿರ ಯಾರೂ ಜೋರಾಗಿ ಕೆಮ್ಮುವಂತಿಲ್ಲ.

"ಅಳಿಯ ಬಂದ ಕಣ್ರೋ, ಕಾಲಿಗೆ ನೀರು ಕೊಡಿ," ಅಂದಳು ದೊಡ್ಡಮ್ಮ. ಆ ಹೆಸರೇ ನಿಂತಿತು.

ಸೂಪರ್‌ವೈಸರ್ ಎಲ್ಲರನ್ನೂ ಕರೆದು ವಿಷಯ ಹೇಳಿದ. ಕಡಲಾಚೆ ಎಲ್ಲೋ ಇದೇ ಕೀಲನ್ನು ಅರ್ಧ ಬೆಲೆಗೆ ಮಾಡುತ್ತಿದ್ದಾರಂತೆ; ಅಲ್ಲಿ ಶೆಡ್ಡಿನ ತುಂಬ ಅಳಿಯಂದಿರೇ ಅಂತೆ.

"ಅಣ್ಣ ತಂಗಿ ಇಬ್ಬರ ಪ್ರೆಸ್ಸೂ ಸೇರಿ ಈ ವಾರ ಈ ಅಳಿಯನ ಸಮಕ್ಕೆ ಕೀಲು ಕೊಟ್ರೆ ಪ್ರೆಸ್ಸಿನ ಸಾಲು ಉಳಿಯುತ್ತೆ. ಇಲ್ದಿದ್ರೆ ಎಲ್ಲರೂ ಮನೆಗೆ. ನನ್ನ ಮೇಲೆ ಕೂಗಾಡ್ಬೇಡಿ, ಇದು ಮೇಲಿನವರ ಮಾತು."

ಸುತ್ತಿಗೆ ಕೂಗಾಡಲಿಲ್ಲ. ಪ್ರೆಸ್ಸನ್ನೇ ದಿಟ್ಟಿಸುತ್ತ ನಿಂತ. ಪ್ರತಿ ಪ್ರೆಸ್ಸಿಗೂ ಒಂದು ಕಣ್ಣಿತ್ತು. ಅದು ಬೆಳಕು ಬಿಡುತ್ತಿತ್ತು. ಎದುರಿನ ಹೊಳೆಯುವ ಬಿಲ್ಲೆಗೆ ತಾಗಿ ಬೆಳಕು ವಾಪಸು ಬಂದರೆ ಮಾತ್ರ, ಪೆಡಲ್ ತುಳಿದಾಗ ಪ್ರೆಸ್ಸು ಇಳಿಯುತ್ತಿತ್ತು. ನಡುವೆ ಕೈ ಇದ್ದರೆ ಬೆಳಕು ವಾಪಸು ಬರುವುದಿಲ್ಲ, ಪ್ರೆಸ್ಸು ಗಕ್ಕನೆ ನಿಲ್ಲುತ್ತದೆ. ಅಂಗಿಯ ತೋಳು ಅಡ್ಡ ಬಂದರೂ ಅಷ್ಟೇ. ಹಾಗೆ ನಿಂತ ಪ್ರೆಸ್ಸನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಅಳಿಯ ನಾಲ್ಕು ಕೀಲು ಮುಂದೆ ಹೋಗಿರುತ್ತಿದ್ದ.

ಸುತ್ತಿಗೆ ತಂಗಿಯ ಚೀಲದಿಂದ ಮುಖ ನೋಡುವ ಪುಟ್ಟ ಕನ್ನಡಿ ತೆಗೆದು ಸ್ಪ್ಯಾನರಿನಿಂದ ಕುಟ್ಟಿದ.

"ಅಣ್ಣಾ, ಅದು ನಂದು!"

"ಕೆಲ್ಸ ಉಳೀಲಿ, ನಿಲುವುಗನ್ನಡಿನೇ ಕೊಡಿಸ್ತೀನಿ. ಸುಮ್ನಿರು."

ಎರಡೂ ಪ್ರೆಸ್ಸುಗಳ ಕಣ್ಣಿನ ಮುಂದೆಯೇ ಒಂದೊಂದು ಚೂರು ಅಂಟಿಸಿದ. ಈಗ ಕಣ್ಣು ಬಿಟ್ಟ ಬೆಳಕು ಅಲ್ಲೇ ತಿರುಗಿ ಬರುತ್ತಿತ್ತು. ನಡುವೆ ಕೈ ಇದ್ದರೇನು, ಕತ್ತೇ ಇದ್ದರೇನು, ಪ್ರೆಸ್ಸಿಗೆ ಯಾರೂ ಇಲ್ಲ.

ಮಾರನೆಯ ದಿನ ತಂಗಿ ಹೇರ್‌ಪಿನ್ನಿನಿಂದ ತನ್ನ ಪ್ರೆಸ್ಸಿನ ಚೂರು ಕಿತ್ತುಹಾಕಿದಳು. "ನಂಗೆ ಭಯ ಆಗುತ್ತೆ ಅಣ್ಣಾ. ಕಾಲು ಪೆಡಲ್ ಮೇಲೆ, ಕೈ ಒಳಗೆ. ಒಂದು ಕ್ಷಣ ತಪ್ಪಿದ್ರೂ..."

ಅವನು ಕೆನ್ನೆಗೆ ಬಾರಿಸಿದ. ಜೀವಮಾನದಲ್ಲಿ ಮೊದಲ ಸಲ. ಶೆಡ್ಡಿನ ಸದ್ದಿನಲ್ಲಿ ಏಟು ಕೇಳಿಸಲಿಲ್ಲ, ಆದರೆ ಎಣ್ಣೆ ತೊಟ್ಟಿಯ ಹತ್ತಿರ ದೊಡ್ಡಮ್ಮ ನೋಡಿದಳು. ತಂಗಿ ಅಳಲಿಲ್ಲ. ಕೆನ್ನೆಯ ಮೇಲೆ ಅವನ ನಾಲ್ಕು ಬೆರಳೂ ಮೂಡಿದ್ದವು. ಅವನು ಹೊಸ ಚೂರು ಅಂಟಿಸಿದ. ಅವಳು ಪೆಡಲ್ ತುಳಿದಳು.

ವಾರದ ಕೊನೆಯ ದಿನ ಎರಡೂ ಕಡೆ ಸಮಸಮ. ಪ್ರೆಸ್ಸಿನವರೆಲ್ಲ ಸುತ್ತ ನಿಂತು ಹೋ ಎನ್ನುತ್ತಿದ್ದರು. ಸೂಪರ್‌ವೈಸರನೂ ಚಪ್ಪಾಳೆ ತಟ್ಟುತ್ತಿದ್ದ. ಸುತ್ತಿಗೆ ಬೆವರು ಒರೆಸಿಕೊಳ್ಳದೆ ತುಳಿಯುತ್ತ, "ಬೇಗ, ಬೇಗ!" ಎಂದು ತಂಗಿಯ ಮೇಲೆ ಕಿರುಚಿದ. ಅವಳು ಬೆಚ್ಚಿ ಅವನ ಕಡೆ ತಿರುಗಿದಳು. ಕಾಲು ಪೆಡಲ್ ತುಳಿದಿತ್ತು.

ಪ್ರೆಸ್ಸು ಇಳಿಯಿತು.

ಕಿರುಚಿದ್ದು ತಂಗಿಯೋ ತಾನೋ ಅವನಿಗೆ ತಿಳಿಯಲಿಲ್ಲ. ಪ್ರೆಸ್ಸನ್ನು ಮೇಲೆತ್ತಿದಾಗ ಕೀಲಿನ ಜೊತೆ ಮೂರು ಬೆರಳು ಚಪ್ಪಟೆಯಾಗಿದ್ದವು. ತಗಡಿನ ಮೇಲೆಲ್ಲ ರಕ್ತ. ದೊಡ್ಡಮ್ಮ ಮೈಮೇಲಿನ ಏಪ್ರನ್ ಕಿತ್ತು ಅವಳ ಕೈಗೆ ಸುತ್ತಿದಳು.

"ಆ ಸಾಲು ನಿಲ್ಸಿ!" ಸೂಪರ್‌ವೈಸರ್ ಕೂಗಿದ. "ಅಳಿಯನ್ನಲ್ಲ, ಅದು ನಡೀಲಿ!"

ಸುತ್ತಿಗೆಯ ಮುಷ್ಟಿ ಅವನ ಬಾಯಿಗೆ ಬಿತ್ತು. ಹಲ್ಲು ಉದುರಿತು. ಬಿದ್ದವನ ಪಕ್ಕೆಗೆ ಇನ್ನೆರಡು ಒದ್ದು, ಕಬ್ಬಿಣದ ಸಲಾಕೆ ಎತ್ತಿಕೊಂಡು ಪಂಜರದ ಕಡೆ ಓಡಿದ. ಹಿಂದಿನಿಂದ ಯಾರೋ "ಅಣ್ಣಾ" ಎಂದು ಕರೆದರು. ಅವನು ತಿರುಗಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎಂದು ಇಂಥವರಿಗೆ ಎಷ್ಟು ಸಲ ಹೇಳಿದರೇನು!

ಪಂಜರದ ಬಾಗಿಲು ಒದ್ದು ಒಳಗೆ ನುಗ್ಗಿದ. ಅಳಿಯ ತಗಡು ಹಿಡಿದ ಕೈಯನ್ನು ಅವನ ಎದೆಯ ಕಡೆಗೇ ಬೀಸುತ್ತಿದ್ದ. ಸಾಯಿಸಲಿ ನೋಡೋಣ ಎಂದು ಸುತ್ತಿಗೆ ಎದೆಯೊಡ್ಡಿದ. ಕೈ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು.

ಅವನು ಹೊಡೆದ. ಗಾಜು ಒಡೆಯಿತು, ಬಣ್ಣ ಹಾರಿತು, ಸಲಾಕೆ ಬಾಗಿತು, ಅಂಗೈ ಹರಿಯಿತು. ಬೈದ, ಉಗಿದ, ಮತ್ತೆ ಹೊಡೆದ. ಅದು ಅಲುಗಾಡಲಿಲ್ಲ.

"ತಿರುಗಿ ಹೊಡಿಯೋ, ಷಂಡ!"

"ಹೊಡಿಯಲ್ಲ ಕಣೋ." ಸೂಪರ್‌ವೈಸರ್ ರಕ್ತದ ಬಾಯಿ ಹಿಡಿದುಕೊಂಡು ಪಂಜರದ ಹೊರಗೆ ಬಂದು ನಿಂತಿದ್ದ. "ಒಳಗೆ ಮನುಷ್ಯ ಕಂಡ್ರೆ ಅದು ನಿಲ್ಲುತ್ತೆ. ಅದರ ಕಣ್ಣಿಗೆ ಯಾರೂ ಕನ್ನಡಿ ಅಂಟಿಸಿಲ್ಲ."

ಸುತ್ತಿಗೆಯ ಕೈ ಎತ್ತಿದಲ್ಲೇ ನಿಂತಿತು. "ನಿಂಗೆ ಗೊತ್ತಿತ್ತಾ?"

"ಮೊದಲ ದಿನಾನೇ ನೋಡ್ದೆ. ಲೆಕ್ಕ ಬರ್ತಿತ್ತಲ್ಲ, ಸುಮ್ನಿದ್ದೆ." ಅವನು ರಕ್ತ ಉಗುಳಿದ. "ಇನ್ನೂ ಕೇಳು. ಇನ್ನೊಬ್ಬ ಅಳಿಯ ಆಗ್ಲೇ ಹಡಗು ಹತ್ತಿದ್ದಾನೆ. ಹೋದ ತಿಂಗಳೇ. ನೀವು ಗೆದ್ದಿದ್ರೂ ಬರ್ತಿದ್ದ."

ಸುತ್ತಿಗೆ ಸಲಾಕೆ ಹಿಡಿದು ಅವನ ತಲೆಯ ಕಡೆ ತಿರುಗಿದ. ಈ ಸಲ ಕೊಂದೇ ಬಿಡುತ್ತಿದ್ದ. ದೊಡ್ಡಮ್ಮ ನಡುವೆ ಬಂದಳು. ಅವಳ ಸೀರೆಯ ತುಂಬ ತಂಗಿಯ ರಕ್ತ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಇಲ್ಲೇ ನಿಂತಿರು," ಅಂದಳು. "ವ್ಯಾನಿಗೆ ಹತ್ತಿಸೋವರೆಗೂ ಅವಳು ಅಣ್ಣ ಎಲ್ಲಿ, ಅಣ್ಣ ಎಲ್ಲಿ ಅಂತಿದ್ಲು. ವ್ಯಾನು ಹೋಯ್ತು."

ಅವನು ಸಲಾಕೆ ಬಿಸಾಕಿ ಓಡಿದ. ಹಿಂದೆ ಜಖಂಗೊಂಡ ಅಳಿಯ ಒಮ್ಮೆ ನಡುಗಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಹಿಡಿದಿದ್ದ ತಗಡನ್ನು ಒತ್ತಲು ಹೊರಟ.

ಆಸ್ಪತ್ರೆಯಲ್ಲಿ ತಂಗಿ ಕಣ್ಣು ಮುಚ್ಚಿ ಮಲಗಿದ್ದಳು. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಸುತ್ತಿಗೆ ಮಂಚದ ಪಕ್ಕ ನೆಲದಲ್ಲಿ ಕುಸಿದು ಬಿಕ್ಕಿಬಿಕ್ಕಿ ಅತ್ತ. ಆಮೇಲೆ, ಚಿಕ್ಕವಳಿದ್ದಾಗ ಜ್ವರ ಬಂದರೆ ಮಾಡುತ್ತಿದ್ದ ಹಾಗೆ, ಅವಳ ತಲೆ ಸವರಲು ಕೈ ಎತ್ತಿದ.

ಅವಳು ಕಣ್ಣು ಬಿಟ್ಟಳು. ಎತ್ತಿದ ಕೈ ಕಂಡಿದ್ದೇ ತಡ, ಬ್ಯಾಂಡೇಜಿನ ಕೈಯನ್ನು ಮುಖಕ್ಕೆ ಅಡ್ಡ ಹಿಡಿದಳು.