ಬ್ಯಾಡ್ಜು ಬಿಚ್ಚಿಕೊಟ್ಟ ಲೀಡರ್

ಹರಿಹರದ ಮನೆಯಲ್ಲಿ ಮೊಮ್ಮಗನ ಮದುವೆ ಮುಗಿದ ಮರುದಿನವೇ ರಹೀಮುನ್ನೀಸಾ ಅವರಿಗೆ ತಾವು ಮಾಡಿದ ಎಡವಟ್ಟು ಎಂಥದೆಂದು ಗೊತ್ತಾಯಿತು. ಮದುವೆ ಮನೆಯ ಹುಡುಗಿ ಬರಿಗೈಯಲ್ಲಿ ಇರಬಾರದೆಂದು, ಮೊಮ್ಮಗಳು ಹುಮಾ ಮಲಗಿದ್ದಾಗ ಅವಳ ಬಲ ಅಂಗೈಗೆ ಒಂದು ಚುಕ್ಕಿ ಮೆಹಂದಿ ಇಟ್ಟಿದ್ದರು.

"ಇಷ್ಟಗಲ ಚುಕ್ಕಿ. ಯಾರು ನೋಡ್ತಾರ ಬೇಟಿ?"

"ಸ್ಕೂಲು ನೋಡ್ತೈತೆ ದಾದಿ." ಹುಮಾ ನಿಂಬೆಹಣ್ಣು ಹಾಕಿ ಉಜ್ಜುತ್ತಿದ್ದಳು. ಬಣ್ಣ ಮತ್ತಷ್ಟು ಕೆಂಪಾಯಿತು.

ದಾವಣಗೆರೆಯ ವಿನೋಬನಗರದಲ್ಲಿ ಜಮಾತಿನವರು ನಡೆಸುವ ಹೆಣ್ಣುಮಕ್ಕಳ ಹೈಸ್ಕೂಲು ಅದು. ಬಿಳಿ ಸ್ಕಾರ್ಫಿಗೆ ಕಪ್ಪು ಪಿನ್ನೇ ಆಗಬೇಕು. ಬಳೆ, ಮೆಹಂದಿ ಕೂಡದು. ಬೆಳಿಗ್ಗೆ ಗೇಟಿನಲ್ಲಿ ಎಲ್ಲರನ್ನೂ ತಪಾಸಣೆ ಮಾಡುವವಳು ಲೀಡರ್ ಹುಮಾ. ಲೀಡರನ್ನು ಮೊದಲು ತಪಾಸಣೆ ಮಾಡುವವಳು ಎಂಟನೇ ಕ್ಲಾಸಿನ ಅತಿ ಚಿಕ್ಕ ಹುಡುಗಿ. ತಪ್ಪಿದವರು ಗೋಡೆ ಪಕ್ಕ ನಿಲ್ಲಬೇಕು, ಲೀಡರ್ ತಪ್ಪಿದರೆ ಬ್ಯಾಡ್ಜೂ ಹೋಗುತ್ತದೆ. ಆ ವಾರವೇ ಗಣರಾಜ್ಯೋತ್ಸವ. ಪರೇಡಿನಲ್ಲಿ ಶಾಲೆಯ ತುಕಡಿಯ ಮುಂದೆ ನಡೆಯಲು ಹುಮಾ ಜೂನ್‌ನಿಂದ ತಾಲೀಮು ಮಾಡಿದ್ದಳು.

ಹೆಡ್‌ಮಿಸ್ ಅವರ ಕೈಕಾಲು ಹಿಡಿದಾದರೂ ಸರಿಪಡಿಸಬೇಕೆಂದು ರಹೀಮುನ್ನೀಸಾ ಬಸ್ಸು ಹತ್ತಿ ಜೊತೆಗೇ ಬಂದರು.

ಗೇಟಿನಲ್ಲಿ ವಿಷಯ ತಿಳಿದ ಉಪನಾಯಕಿ ರುಕ್ಸಾನಾ ಪಿಸುಗುಟ್ಟಿದಳು: "ಮುಷ್ಟಿ ಬಿಚ್ಚಬ್ಯಾಡ್ವೇ. ಪರೇಡಲ್ಲೂ ಮುಷ್ಟಿನೇ ಅಲ್ವಾ? ಯಾರಿಗೆ ಕಾಣ್ತೈತೆ?"

ಎಂಟನೇ ಕ್ಲಾಸಿನ ಅಂಜುಮ್ ಹುಮಾಳ ಬೂಟು, ಪಿನ್ನು ನೋಡಿ ಹೆದರುತ್ತಲೇ, "ಸರಿ ಐತೆ ಆಪಾ" ಎಂದಳು.

"ಕೈ ಯಾರು ನೋಡ್ತಾರ?" ಹುಮಾ ಅಂಗೈ ಚಾಚಿದಳು.

ಅಂಜುಮ್‌ಗೆ ಅಳುವೇ ಬಂತು. "ಮೆಹಂದಿ... ಆಪಾ."

"ಮೆಹಂದಿ ಕಂಡ್ರೆ ಏನ್ ಮಾಡ್ಬೇಕು?"

ಪುಟ್ಟ ಬೆರಳು ಗೋಡೆಯತ್ತ ತಿರುಗಿತು. ಹುಮಾ ಬ್ಯಾಡ್ಜು ಬಿಚ್ಚಿ ರುಕ್ಸಾನಾಳ ಕೈಗಿಟ್ಟು ಗೋಡೆಯ ಪಕ್ಕ ಹೋಗಿ ನಿಂತಳು.

ಹೆಡ್‌ಮಿಸ್ ಫಕ್ರುನ್ನೀಸಾ ಬಂದಾಗ ರಹೀಮುನ್ನೀಸಾ ಮುಂದೆ ನುಗ್ಗಿದರು. "ತಪ್ಪು ನಂದು ಮೇಡಂ. ಅದು ಮಲಗಿತ್ತು. ಶಿಕ್ಷೆ ನನಗ ಕೊಡ್ರಿ."

"ಹಂಗಾದ್ರ ನೀವೂ ಗೋಡೆ ಹತ್ರ ನಿಲ್ರಿ ಅಮ್ಮ."

ಹುಡುಗಿಯರು ಕಿಸಕ್ಕನೆ ನಕ್ಕರು. ಎರಡೂ ಕೈತುಂಬ ಮೆಹಂದಿಯಿದ್ದ ರಹೀಮುನ್ನೀಸಾ ಸೆರಗು ಸರಿಪಡಿಸಿಕೊಂಡು ನಿಜಕ್ಕೂ ಮೊಮ್ಮಗಳ ಪಕ್ಕ ಹೋಗಿ ನಿಂತರು.

ಹೆಡ್‌ಮಿಸ್ ಹುಮಾಳ ಅಂಗೈ ನೋಡಿದರು. "ಬಣ್ಣ ಹೋದ ಮೇಲೆ ಬ್ಯಾಡ್ಜು. ಪರೇಡಿಗೆ ರುಕ್ಸಾನಾ ಮುಂದೆ. ನೀನು ಸಾಲಲ್ಲಿ ನಡಿ." ಆಮೇಲೆ ಅಂಜುಮ್‌ಳ ತಲೆ ಸವರಿದರು. "ಶಹಬ್ಬಾಸ್."

ಹುಮಾಳ ಕಣ್ಣು ತುಂಬಿತ್ತು, ಕತ್ತು ಮಾತ್ರ ಬಗ್ಗಿರಲಿಲ್ಲ. ಅದನ್ನು ಕಂಡ ಮೇಲೆ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಹೇಳಿ ಬೇಡಿಕೊಳ್ಳಲು ರಹೀಮುನ್ನೀಸಾ ಅವರಿಗೆ ಮನಸ್ಸೇ ಬರಲಿಲ್ಲ.

ಗಣರಾಜ್ಯೋತ್ಸವದ ದಿನ ಜಿಲ್ಲಾ ಕ್ರೀಡಾಂಗಣದಲ್ಲಿ ಬಿಳಿ ಸ್ಕಾರ್ಫಿನ ತುಕಡಿ ಬಂದಾಗ, ರಹೀಮುನ್ನೀಸಾ ಅವರ ಪಕ್ಕದಲ್ಲಿ ಕೂತಿದ್ದ ಹೆಂಗಸು ಕೇಳಿದಳು: "ಮುಂದೆ ಆರ್ಡರ್ ಕೊಡೋ ಹುಡುಗಿ ನಿಮ್ಮಕೀನಾ?"

"ಅಲ್ರಿ. ಮೂರನೇ ಸಾಲಿನ ಕೊನೇದು ನಮ್ದು," ಎಂದರು ರಹೀಮುನ್ನೀಸಾ, ಸುತ್ತಲಿನ ನಾಲ್ಕು ಜನಕ್ಕೆ ಕೇಳುವ ಹಾಗೆ.

ಆಕೆ ಕತ್ತು ಚಾಚಿ ಹುಡುಕುವಷ್ಟರಲ್ಲಿ ರಹೀಮುನ್ನೀಸಾ ಎದ್ದು ನಿಂತಾಗಿತ್ತು.