ಅಲ್ಲಿ ಕ್ಯಾಮೆರಾ ಇದೆ, ಕೈ ಬೀಸಿ

ನಾನು ಒಂದು ಮೈಕು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬೆಳೆದದ್ದು ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ. ಗಾಯಕರ ಎಂಜಲಿಗೆ ನನ್ನ ಜಾಲರಿ ತುಕ್ಕು ಹಿಡಿದ ಮೇಲೆ ಬೆಂಗಳೂರಿನ ನಕುಲ್ ನನ್ನನ್ನು ಕೊಂಡ. ತಲೆಗೆ ಹಳದಿ ಸ್ಪಂಜಿನ ಟೊಪ್ಪಿಗೆ, ಕುತ್ತಿಗೆಗೆ ಅವನ ಚಾನೆಲ್ಲಿನ ಹೆಸರು. ಅಯ್ಯೋ, ಎಷ್ಟು ಮೆರೆದೆ!

ನಕುಲನದು ಪ್ರ್ಯಾಂಕ್ ಸಂದರ್ಶನ. ದಾರಿಹೋಕರಿಗೆ ಸುಳ್ಳು ವೇಷದಲ್ಲಿ ಪ್ರಶ್ನೆ ಕೇಳುವುದು, ಅವರು ತಬ್ಬಿಬ್ಬಾದಾಗ "ಅಲ್ಲಿ ಕ್ಯಾಮೆರಾ ಇದೆ, ಕೈ ಬೀಸಿ" ಅನ್ನುವುದು. ಬೈಯುತ್ತಿದ್ದವರೂ ತಟ್ಟನೆ ನಕ್ಕು ಕೈ ಬೀಸುತ್ತಿದ್ದರು.

ನಿಮ್ಮಲ್ಲಿ ಬರೀ ಒಂದೇ ಥರದ ಹುಡುಗರಲ್ಲವೇ ಎಂದು ನೋಡುಗರು ಆಡಿಕೊಂಡಾಗ ಅವನು ಫ್ಲೋರಿನಾಳನ್ನು ಕರೆತಂದ. ಹಳಿಯಾಳದ ಸಿದ್ದಿ ಹುಡುಗಿ, ನಾಟಕದವಳು. ಅವಳ ಪೂರ್ವಜರು ಆಫ್ರಿಕಾದಿಂದ ಬಂದು ಎಷ್ಟೋ ತಲೆಮಾರು ಕಳೆದಿವೆ.

"ಪ್ರಶ್ನೆ ನೀನೇ ಕೇಳ್ಬೇಕು. ಜನ ನಗೋದು ಅವರನ್ನ ನೋಡಿ, ನಿನ್ನನ್ನಲ್ಲ," ಅಂದ ನಕುಲ್. ಅವಳು ನಂಬಿದಳು. ನಾನೂ ನಂಬಿದೆ.

ಅವಳದು ಕನ್ನಡ ಪರೀಕ್ಷೆಯ ಅಧಿಕಾರಿಯ ವೇಷ. ಬಸ್ ನಿಲ್ದಾಣದಲ್ಲಿ ನನ್ನನ್ನು ಹಿಡಿದು, "ಒಂದರಿಂದ ಐವತ್ತರ ತನಕ ಕನ್ನಡದಾಗ ಎಣಿಸ್ರಿ," ಅಂದಳು. ಎಣಿಸುತ್ತ ನಡುವೆ ತಡೆದು ನಿಂತ ಒಬ್ಬ ಅವಳ ಮುಖ ನೋಡಿ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ.

"ಹಳಿಯಾಳ ರೀ. ಇಪ್ಪತ್ತೊಂಬತ್ತಕ್ಕ ನಿಂತೀರಿ, ಮುಂದ ಹೇಳ್ರಿ."

ಅವನು ಬೆವರಿದ. ಸುತ್ತಲಿನವರು ಹೊಟ್ಟೆ ಹಿಡಿದು ನಕ್ಕರು. ಅಂಥ ಕೈಯಲ್ಲಿ ನಾನು ಹಿಂದೆಂದೂ ಇರಲಿಲ್ಲ. ಅವಳು ಊರಿಗೆಲ್ಲ ಫೋನ್ ಮಾಡಿ, ತಪ್ಪದೆ ನೋಡಿ ಎಂದಳು.

ಸಂಚಿಕೆ ಬಂತು. ಎಣಿಸಲಾಗದೆ ಒದ್ದಾಡಿದವರು ಒಬ್ಬರೂ ಅದರಲ್ಲಿರಲಿಲ್ಲ. ನಿಲ್ದಾಣದ ಅಂಗಡಿಯೊಳಗೆ ಇನ್ನೊಂದು ಕ್ಯಾಮೆರಾ ಬಚ್ಚಿಟ್ಟು, ಇಡೀ ಹೊತ್ತು ಅವಳ ಮುಖವನ್ನೇ ಹಿಡಿದಿದ್ದರು. ಅವಳು ಬಾಯಿ ತೆರೆದಾಗಲೆಲ್ಲ ಡೋಲಿನ ಸದ್ದು. ಮೇಲೆ ಶೀರ್ಷಿಕೆ: 'ಕಾಡಿನಿಂದ ಬಂದ ಕನ್ನಡ ಮೇಡಂ'. ನಾನು ಜೋಪಾನವಾಗಿ ಒಪ್ಪಿಸಿದ ಅವಳ ದನಿಯನ್ನು ಕೀರಲು ಮಾಡಿ ಆಡಿಸಿದ್ದರು.

ಮರುದಿನ ಅವಳು ಆಫೀಸಿಗೆ ಬಂದಳು.

"ಅವ್ವ ಫೋನ್ ಮಾಡಿದ್ಲು ಸರ. ನಿನ್ನ ನೋಡಿ ಯಾಕ ನಗಾಕತ್ತಾರ ಅಂತ ಕೇಳಿದ್ಲು. ಏನ್ ಹೇಳ್ಲಿ?"

"ತಮಾಷೆ ಕಣಮ್ಮ. ಎಲ್ರೂ ನಿನ್ನ ಬಗ್ಗೇನೇ ಮಾತಾಡ್ತಿದಾರೆ, ಖುಷಿಪಡು."

ಅವಳು ಮೇಜಿನ ಮೇಲಿದ್ದ ನನ್ನನ್ನು ಎತ್ತಿ ಅವನ ಬಾಯಿಗೆ ಹಿಡಿದಳು. "ಹಂಗಾರ ನೀವ ಐವತ್ತರ ತನಕ ಎಣಿಸ್ರಿ."

ನಕುಲ್ ನಗುತ್ತಲೇ ಶುರುಮಾಡಿದ. ಮೂವತ್ತೆಂಟಕ್ಕೆ ತಡವರಿಸಿದ. ಮೂವತ್ತೊಂಬತ್ತು ಬಾಯಿಗೆ ಬರಲಿಲ್ಲ. ಮುಖ ಕೆಂಪಾಯಿತು.

"ಅಲ್ಲಿ ಕ್ಯಾಮೆರಾ ಐತಿ ಸರ, ಕೈ ಬೀಸ್ರಿ," ಅಂದಳು ಫ್ಲೋರಿನಾ.

ಅವನು ತಟ್ಟನೆ ತಿರುಗಿ, ಹಲ್ಲು ಕಿರಿದು ಕೈ ಬೀಸಿದ. ಅಲ್ಲಿ ಬರೀ ಗೋಡೆಯಿತ್ತು.

ಅವಳು ನನ್ನನ್ನು ಕೆಳಗಿಟ್ಟು ಹೋದಳು, ಮತ್ತೆ ಬರಲಿಲ್ಲ. ಈಗ ಎಲ್ಲರಿಗೂ ಕಾಲರ್ ಮೈಕು. ನಾನು ಡ್ರಾಯರಿನಲ್ಲಿ ಹಳೆಯ ವೈರುಗಳ ಜೊತೆ ಬಿದ್ದಿದ್ದೇನೆ. ಆ ದಿನ ನನ್ನ ಸ್ವಿಚ್ ಆಫ್ ಆಗಿತ್ತು. ನಕುಲ್ ತಡವರಿಸಿದ್ದು ಅವಳಿಗೂ ನನಗೂ ಅಷ್ಟೇ ಗೊತ್ತು. ಊರೆಲ್ಲ ನೋಡಿದ್ದು ಅವಳನ್ನು.